ಮ್ಯಾಂಚೆಸ್ಟರಿನಲ್ಲಿ ಧಾರವಾಡದ ಹತ್ತಿ

ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಶಾಲೆಯಲ್ಲಿ ಉರು ಹೊಡೆದವರು ಅಸಲಿ ಮ್ಯಾಂಚೆಸ್ಟರ್‌ಗೆ ಹೋಗುವ ಹೊತ್ತಿಗೆ ಎರಡೂ ಊರುಗಳಲ್ಲಿ ಗಿರಣಿಗಳ ಸದ್ದು ಅಡಗಿದೆ. ಬ್ರಿಟನ್ ಪ್ಯಾಕೇಜ್ ಟೂರಿನಲ್ಲಿ ಈ ಊರಿಗೆ ಸಿಗುವುದು ಹೆಚ್ಚೆಂದರೆ ಅರ್ಧ ದಿನ. ಅದರಲ್ಲೂ ಸಿಂಹಪಾಲು ಓಲ್ಡ್ ಟ್ರಾಫರ್ಡ್ ಫುಟ್‌ಬಾಲ್ ಮೈದಾನಕ್ಕೆ, ಅಲ್ಲಿನ ಕೆಂಪು ಜೆರ್ಸಿಗಳ ಅಂಗಡಿಗೆ. ಮಕ್ಕಳಿದ್ದವರಿಗೆ ಬೇರೆ ದಾರಿಯಿಲ್ಲ, ಬಿಡಿ. ಉಳಿದವರು ಟೂರ್ ಮ್ಯಾನೇಜರ್ ಹತ್ತಿರ ಎರಡು ಗಂಟೆ ಕೇಳಿ ಪಡೆದು ಊರೊಳಗೆ ನಡೆಯುವುದು ಮೇಲು.

ನಡಿಗೆ ಕಾಲುವೆ ದಡದ ಕ್ಯಾಸಲ್‌ಫೀಲ್ಡ್‌ನಿಂದ ಶುರುವಾಗಲಿ. 1761ರಲ್ಲಿ ಬ್ರಿಜ್‌ವಾಟರ್ ಡ್ಯೂಕನ ಕಾಲುವೆಗೆ ನೀರು ಬಂದು, ವರ್ಸ್ಲಿಯ ಗಣಿಗಳ ಕಲ್ಲಿದ್ದಲು ದೋಣಿಯಲ್ಲಿ ಬರತೊಡಗಿದಾಗ ಈ ಊರಲ್ಲಿ ಅದರ ಬೆಲೆ ಅರ್ಧಕ್ಕಿಳಿಯಿತು. ಮುಂದೆ ಉಗಿಯಂತ್ರದ ಗಿರಣಿಗಳಿಗೆ ಹೊಟ್ಟೆ ತುಂಬಿಸಿದ್ದು ಈ ಅಗ್ಗದ ಕಲ್ಲಿದ್ದಲು. ಪಕ್ಕದ ಲಿವರ್‌ಪೂಲ್ ರಸ್ತೆಯಲ್ಲಿ 1830ರ ರೈಲು ನಿಲ್ದಾಣ ಇಂದಿಗೂ ಇದೆ. ಉಳಿದುಕೊಂಡಿರುವ ಪ್ರಯಾಣಿಕರ ನಿಲ್ದಾಣಗಳಲ್ಲಿ ಜಗತ್ತಿಗೇ ಹಿರಿಯದು ಇದು. ಈಗ ವಿಜ್ಞಾನ ಮತ್ತು ಉದ್ಯಮ ಮ್ಯೂಸಿಯಂನ ಭಾಗ, ಪ್ರವೇಶ ಉಚಿತ.

ಅಲ್ಲಿಂದ ಊರ ನಡುವಿಗೆ ಬಂದರೆ ಒಂದು ಚೌಕದಲ್ಲಿ ಅಬ್ರಹಾಂ ಲಿಂಕನ್ ನಿಂತಿದ್ದಾನೆ. ಫೋಟೊ ತೆಗೆಸಿಕೊಳ್ಳುವವರು ಬಹಳ. ಅಮೆರಿಕದ ಅಧ್ಯಕ್ಷನಿಗೆ ಇಲ್ಲೇನು ಕೆಲಸ ಎಂದು ಕೇಳುವವರು ಕಡಿಮೆ. ಕನ್ನಡಿಗರು ಕೇಳಲೇಬೇಕು, ಏಕೆಂದರೆ ಉತ್ತರದ ಒಂದು ತುದಿ ಧಾರವಾಡದಲ್ಲಿದೆ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದರು. ಗುಲಾಮರು ಬೆಳೆದ ಹತ್ತಿ ಬರುವುದು ನಿಂತು, ಮ್ಯಾಂಚೆಸ್ಟರ್ ಇದ್ದ ಲ್ಯಾಂಕಾಶೈರಿನ ಗಿರಣಿಗಳು ಬಾಗಿಲು ಮುಚ್ಚಿದವು, ಕಾರ್ಮಿಕರ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಆದರೂ 1862ರ ಕೊನೆಯ ದಿನ ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ ಸೇರಿದ ಕಾರ್ಮಿಕರು ಗುಲಾಮಗಿರಿಯ ವಿರುದ್ಧ ಲಿಂಕನ್ನನ ಪರ ನಿಂತರು. ಮರು ತಿಂಗಳು ಆತ ಅವರಿಗೆ ಕೃತಜ್ಞತೆಯ ಪತ್ರ ಬರೆದ. ಪ್ರತಿಮೆ ಆ ನೆನಪಿಗೆ.

ಮಾಲೀಕರ ಲೆಕ್ಕಾಚಾರ ಬೇರೆ. ಅಮೆರಿಕವನ್ನೇ ನಂಬಿ ಕೂರಬಾರದೆಂದು ಅವರು 1860ರಲ್ಲೇ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಟ್ಟಿದ್ದರು. ಅವರ ಕಣ್ಣು ಬಿದ್ದದ್ದು ಧಾರವಾಡ ಸೀಮೆಯ ಎರೆಭೂಮಿಯ ಮೇಲೆ. ಅಮೆರಿಕದ ಬೀಜ ಅಲ್ಲಿ 1840ರ ದಶಕದಲ್ಲೇ ಬೇರೂರಿತ್ತು. ವ್ಯಾಪಾರಿಗಳ ಬಾಯಲ್ಲಿ ಅದು ‘ಧಾರವಾಡ-ಅಮೆರಿಕನ್’ ಹತ್ತಿ. ಘಟ್ಟ ಇಳಿಸಿ ಹಡಗಿಗೇರಿಸಲು ಕಾರವಾರದ ಬಂದರು ಬೇಕೆಂದು ಈ ಕಾಟನ್ ಕಂಪನಿಯವರು ಸರ್ಕಾರದ ಬೆನ್ನು ಬಿದ್ದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಆಸೆಯೂ ಇತ್ತು. ಕರಾವಳಿಯ ಕನ್ನಡಿಗರು ಎರಡು ಆಡಳಿತಗಳಿಗೆ ಹಂಚಿಹೋದದ್ದರಲ್ಲಿ ಮ್ಯಾಂಚೆಸ್ಟರಿನ ಸಾಹುಕಾರರ ಪಾಲೂ ಇದೆ ಎಂಬುದು ನಮ್ಮ ಏಕೀಕರಣದ ಭಾಷಣಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. 1865ರಲ್ಲಿ ಯುದ್ಧ ಮುಗಿದು ಹತ್ತಿಯ ದರ ಕುಸಿಯಿತು. ಯುದ್ಧಕಾಲದಲ್ಲಿ ಏರಿದ್ದ ಬೆಲೆ ನಂಬಿದ್ದ ರೈತರ ಗತಿ ಏನಾಯಿತೆಂದು ಉತ್ತರ ಕರ್ನಾಟಕದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮ್ಯಾಂಚೆಸ್ಟರಿನ ಹತ್ತಿ ಉದ್ಯಮದ ವಹಿವಾಟು ನಡೆಯುತ್ತಿದ್ದ ಮಾರುಕಟ್ಟೆಯೇ ರಾಯಲ್ ಎಕ್ಸ್‌ಚೇಂಜ್. ವಹಿವಾಟು 1968ರಲ್ಲಿ ನಿಂತರೂ ಕೊನೆಯ ದಿನದ ದರಗಳ ಫಲಕ ಎತ್ತರದಲ್ಲಿ ಹಾಗೆಯೇ ಇದೆ. 1976ರಿಂದ ಅದೇ ಸಭಾಂಗಣದಲ್ಲಿ ಗಾಜು-ಉಕ್ಕಿನ ನಾಟಕಶಾಲೆ. ಭಾರ ತಡೆಯುವ ಶಕ್ತಿ ನೆಲಕ್ಕಿಲ್ಲವೆಂದು ಅದನ್ನು ಹಳೆಯ ಕಂಬಗಳಿಗೇ ತೂಗಿಬಿಟ್ಟಿದ್ದಾರೆ! ಊರಲ್ಲಿ ಒಂದೇ ಕಟ್ಟಡ ನೋಡಲು ಹೊತ್ತಿದ್ದರೆ ಇದನ್ನು ನೋಡಿ.

ಇನ್ನೂ ಸಮಯ ಉಳಿದರೆ ಚೆಥಮ್ಸ್ ಗ್ರಂಥಾಲಯ. 1845ರ ಬೇಸಿಗೆಯಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಕಿಟಕಿ ಪಕ್ಕ ಕೂತು ಓದುತ್ತಿದ್ದ ಜಾಗವನ್ನು ಅಲ್ಲಿ ತೋರಿಸುತ್ತಾರೆ. ಹೋಗುವ ಮೊದಲು ವೇಳೆ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹತ್ತಿರದ ಕ್ಯಾಥೆಡ್ರಲ್ ಹೊರಗೆ 2019ರಲ್ಲಿ ನಿಲ್ಲಿಸಿದ ಗಾಂಧಿ ಪ್ರತಿಮೆ ಇದೆ. ವಿದೇಶಿ ಬಟ್ಟೆ ಸುಡಿ ಎಂದವರು 1931ರಲ್ಲಿ ಲ್ಯಾಂಕಾಶೈರಿಗೆ ಬಂದಾಗ, ಅಲ್ಲಿನ ಗಿರಣಿಯ ಹೆಂಗಸರೇ ಸುತ್ತುವರಿದು ಜೈಕಾರ ಹಾಕಿದ್ದರು. ಬಸ್ಸು ಹೊರಡುವ ಮುನ್ನ ಗ್ರೂಪ್ ಫೋಟೊಗೆ ಟೂರಿನವರು ಹುಡುಕುವ ಜಾಗವೂ ಸಾಮಾನ್ಯವಾಗಿ ಈ ಪ್ರತಿಮೆಯ ಮುಂದಿನದೇ.