ಅಳಿಸಿದರೂ ಅಳಿಯದ ಋಣ

ಎರವಲು ತಂದ ಪಾತ್ರೆಯನ್ನು ಕೆಲಸ ತೀರಿದೊಡನೆ ಹಿಂದಿರುಗಿಸಬೇಕೆಂಬುದು ಮನೆವಾರ್ತೆಯ ಮೊದಲ ಪಾಠ. ಗಣಕಯಂತ್ರದ ಲೋಕದಲ್ಲಿಯೂ ಸಲ್ಲುವುದು ಇದೇ ಧರ್ಮ. ಅದು ತಪ್ಪಿದರೆ ಒದಗುವ ವಿಪತ್ತಿಗೆ ಮಂಗಳಗ್ರಹವೇ ಒಮ್ಮೆ ಸಾಕ್ಷಿಯಾಯಿತು.

ಅಮೆರಿಕೆಯ ನಾಸಾ ಸಂಸ್ಥೆಯ ‘ಸ್ಪಿರಿಟ್’ ಎಂಬ ಸಂಚಾರಿ ಯಂತ್ರವು ೨೦೦೩ರ ಜೂನ್ ೧೦ರಂದು ಭೂಮಿಯನ್ನು ಬಿಟ್ಟು, ೨೦೦೪ರ ಜನವರಿ ೪ರಂದು ಮಂಗಳದ ಗುಸೆವ್ ಕುಳಿಯಲ್ಲಿ ಇಳಿಯಿತು. ಜನವರಿ ೨೧ರಂದು ಅದು ಇದ್ದಕ್ಕಿದ್ದಂತೆ ಮೌನ ತಾಳಿತು. ಎರಡು ದಿನಗಳ ತರುವಾಯ ತುಸು ಮಾಹಿತಿ ದೊರೆತಾಗ ತಿಳಿದುದಿಷ್ಟು: ಅದರ ಗಣಕವು ಎಚ್ಚರಗೊಂಡು, ಸ್ವಲ್ಪ ಹೊತ್ತಿನಲ್ಲೇ ಎಚ್ಚರ ತಪ್ಪಿ, ಮತ್ತೆ ಎಚ್ಚರಗೊಳ್ಳುತ್ತ, ೬೦ಕ್ಕೂ ಹೆಚ್ಚು ಬಾರಿ ಹೀಗೆಯೇ ತೊಳಲಿತ್ತು. ರಾತ್ರಿ ನಿದ್ರಿಸಬೇಕಾದ ಯಂತ್ರ ನಿದ್ರಿಸದೆ, ಬ್ಯಾಟರಿಯ ಶಕ್ತಿ ಬರಿದಾಗುತ್ತಿತ್ತು.

ರೋಗದ ಮೂಲವೇನು? ಕಡತಗಳನ್ನು ಕಾದಿಡಲು ಅದರಲ್ಲಿ ೨೫೬ ಮೆಗಾಬೈಟುಗಳ ಫ್ಲ್ಯಾಶ್ ಸ್ಮೃತಿಯಿತ್ತು; ಕೆಲಸ ನಡೆಸಲು ೧೨೮ ಮೆಗಾಬೈಟುಗಳ ರ‍್ಯಾಮ್ ಸ್ಮೃತಿ. ಕಡತಗಳ ಉಸ್ತುವಾರಿ ನೋಡುವ ಭಾಗವನ್ನು ತಜ್ಞರು ಹೊಸದಾಗಿ ರಚಿಸಿರಲಿಲ್ಲ. ಅದು ಸಿದ್ಧವಾಗಿ ಬಂದದ್ದು, ಹಳೆಯ ಡಾಸ್ ಪದ್ಧತಿಯ ವಾರಸು. ಆ ಪದ್ಧತಿಯಲ್ಲಿ ಕಡತವೊಂದನ್ನು ಅಳಿಸಿದರೆ, ಸೂಚಿಯಲ್ಲಿ ಅದರ ಸಾಲಿಗೆ ‘ಅಳಿದಿದೆ’ ಎಂಬ ಗುರುತು ಬೀಳುವುದೇ ಹೊರತು ಸಾಲು ತೊಲಗದು. ಬೆಳೆದ ಸೂಚಿ ಕುಗ್ಗದು. ಈ ಸೂಚಿಯ ಪ್ರತಿಯಾದರೋ ರ‍್ಯಾಮಿನಲ್ಲಿ ನಿಲ್ಲಬೇಕು. ಏಳು ತಿಂಗಳ ಯಾನದ ಕಡತಗಳಿಗೆ ಮಂಗಳದ ಕಡತಗಳೂ ಕೂಡಿಕೊಳ್ಳಲು, ಮೀಸಲಿಟ್ಟ ಜಾಗ ಸಾಲದೆ ಹೋಯಿತು. ಗಣಕ ಕುಸಿಯಿತು, ಎದ್ದೊಡನೆ ಮತ್ತೆ ಅದೇ ಸೂಚಿಯನ್ನು ಓದಿತು, ಮತ್ತೆ ಕುಸಿಯಿತು!

ಫ್ಲ್ಯಾಶ್ ಸ್ಮೃತಿಯನ್ನು ಮುಟ್ಟದೆಯೇ ಏಳುವಂತೆ ತಜ್ಞರು ಭೂಮಿಯಿಂದ ಆಜ್ಞೆಯಿತ್ತರು. ಬಳಿಕ ಬೇಡದ ಕಡತಗಳನ್ನು ಕಳೆದು, ಕೊನೆಗೆ ಆ ಸ್ಮೃತಿಯನ್ನೇ ಸಂಪೂರ್ಣವಾಗಿ ತೊಳೆದು ಹೊಸದಾಗಿ ಅಣಿಗೊಳಿಸಿದರು. ಫೆಬ್ರವರಿಯಲ್ಲಿ ಸ್ಪಿರಿಟ್ ಮತ್ತೆ ಕೆಲಸಕ್ಕೆ ತೊಡಗಿತು. ಮಂಗಳದ ೯೦ ದಿನಗಳ ಆಯುಸ್ಸನ್ನು ಎಣಿಸಿ ಕಳುಹಿಸಿದ್ದ ಆ ಯಂತ್ರ ೨೦೧೦ರ ಮಾರ್ಚಿಯವರೆಗೂ ಸುದ್ದಿ ಕಳುಹಿಸುತ್ತಿತ್ತು.

ಪಿತ್ರಾರ್ಜಿತ ಆಸ್ತಿಯ ಜೊತೆಗೆ ಸಾಲವೂ ಬರುವುದುಂಟಷ್ಟೆ. ಅನ್ಯರು ಬರೆದ ಕ್ರಮವಿಧಿಯನ್ನು ವಾರಸಾಗಿ ಪಡೆದವನು, ಅದು ಏನನ್ನು ಕೇಳಿ ಪಡೆಯುತ್ತದೆ, ಏನನ್ನು ಹಿಂದಿರುಗಿಸುತ್ತದೆ ಎಂಬ ಲೆಕ್ಕವನ್ನು ಮೊದಲು ನೋಡತಕ್ಕದ್ದು. ಸಿ-ಶಾರ್ಪ್‌ನಂಥ ಭಾಷೆಗಳಲ್ಲಿ ಈ ನೀತಿಗೆ ಒಂದು ಕ್ರಮವೇ ಉಂಟು: ಮಗನ ಸ್ಥಾನದ ವರ್ಗವು ತಾನು ಪಡೆದುದನ್ನು ಮೊದಲು ಬಿಡಬೇಕು, ಆಮೇಲೆ ತಂದೆಯ ಸ್ಥಾನದ ವರ್ಗವನ್ನು ಕರೆದು, ಅದು ಪಡೆದುದನ್ನೂ ಬಿಡಿಸಬೇಕು. ಒಂದು ಕರೆ ಮರೆತರೆ ಅಂದಿಗೆ ಏನೂ ಕಾಣದು. ಋಣ ಮಾತ್ರ ಸದ್ದಿಲ್ಲದೆ ಬೆಳೆಯುತ್ತದೆ.