ಕುರಿ ಕೊಡುವುದು ಉಣ್ಣೆ ಮಾತ್ರವೇ?

ಯುಗಾದಿಯ ಮರುದಿನ ಹೊಸತೊಡಕು. ಮೈಸೂರಿನ ಮಟನ್ ಅಂಗಡಿಗಳ ಮುಂದೆ ಅಂದು ಬೆಳಕು ಹರಿಯುವ ಹೊತ್ತಿಗೇ ಸಾಲು ನಿಂತಿರುತ್ತದೆ. ಸುತ್ತಲ ಹಳ್ಳಿಗಳಲ್ಲಿ ಹತ್ತಾರು ಮನೆಯವರು ದುಡ್ಡು ಕೂಡಿಸಿ ಕುರಿ ಹಿಡಿದು ತಂದು, ಕೊಯ್ದು, ಸಮನಾಗಿ ಪಾಲು ಹಾಕಿ ಗುಡ್ಡೆ ಬಾಡು ಒಯ್ಯುತ್ತಾರೆ. ಹಳ್ಳಿಯ ಮಗು ಆ ಕುರಿಯನ್ನು ಬದುಕಿದ್ದಾಗಲೂ ಕಂಡಿರುತ್ತದೆ. ನಗರದ ಮಗು ಕಾಣುವುದು ಅಪ್ಪ ತಂದ ಕವರನ್ನು ಮಾತ್ರ. ಶಾಲೆಯಾದರೂ ಉಳಿದದ್ದನ್ನು ಹೇಳಿಕೊಡುತ್ತದೆಯೇ ಎಂದರೆ ಅದೂ ಇಲ್ಲ. ಹಸು ಹಾಲು ಕೊಡುತ್ತದೆ, ಕೋಳಿ ಮೊಟ್ಟೆ ಕೊಡುತ್ತದೆ, ಕುರಿ ಉಣ್ಣೆ ಕೊಡುತ್ತದೆ ಎಂಬಲ್ಲಿಗೆ ಸಾಕುಪ್ರಾಣಿಗಳ ಪಾಠ ಮುಗಿಯುತ್ತದೆ. ಮೈಸೂರು ಸೀಮೆಯ ಮಟ್ಟಿಗಂತೂ ಇದರಲ್ಲಿ ಕೊನೆಯ ಮಾತು ಅರ್ಧ ಸತ್ಯ. ತಿ.ನರಸೀಪುರ ತಾಲ್ಲೂಕಿನ ಬನ್ನೂರು, ಮಳವಳ್ಳಿ ತಾಲ್ಲೂಕಿನ ಬಂಡೂರು ಕಡೆಯ ಗಿಡ್ಡ ಕಾಲಿನ, ತುಂಬಿದ ಮೈಯ ಕುರಿಯ ಉಣ್ಣೆ ಒರಟು. ಆ ತಳಿಗೆ ಹೆಸರು ಬಂದದ್ದು ಬಾಡಿನ ರುಚಿಯಿಂದ.

2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದ ಐವರಲ್ಲಿ ಸುಮಾರು ನಾಲ್ವರು ಮಾಂಸ ತಿನ್ನುವವರು. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಮಾಂಸ ಮತ್ತು ಮೀನಿನ ಸಂಶೋಧನೆಗೆಂದೇ ಒಂದು ವಿಭಾಗವಿದೆ. ವಿಜ್ಞಾನಿಗಳು ಮುಜುಗರವಿಲ್ಲದೆ ಮಾತಾಡುವ ವಿಷಯದ ಬಗ್ಗೆ ಅದೇ ಊರಿನ ತರಗತಿಗಳು ಬಾಯಿ ಬಿಡುವುದಿಲ್ಲ. ನಾನು ಹೇಳಹೊರಟಿರುವುದು ಇಷ್ಟು: ಮಾಂಸ ಎಲ್ಲಿಂದ ಬರುತ್ತದೆ ಎಂಬುದನ್ನು ಶಾಲೆ ಕಲಿಸಬೇಕು, ಅದನ್ನು ಚಿತ್ರ ತೋರಿಸಿ ಕಲಿಸುವುದಕ್ಕಿಂತ ಕೋಳಿ ಸಾಕಿ ಕಲಿಸುವುದು ಮೇಲು, ಮತ್ತು ಕೊಯ್ಯುವ ಕೆಲಸ ಶಾಲೆಯ ಅಂಗಳಕ್ಕೆ ಬರಕೂಡದು.

ಬೇರೆ ದೇಶಗಳಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ರಾಮ್ನಿ ಮಾರ್ಷ್ ನಮ್ಮ ಬನ್ನೂರಿನ ಹಾಗೆ ಕುರಿಗೆ ಹೆಸರಾದ ಸೀಮೆ. ಅಲ್ಲಿನ ಲಿಡ್ ಪ್ರಾಥಮಿಕ ಶಾಲೆ 2009ರಲ್ಲಿ ಮಾರ್ಕಸ್ ಎಂಬ ಕುರಿಮರಿಯನ್ನು ಸಾಕಿತು. ಕಸಾಯಿಖಾನೆಗೆ ಕಳಿಸಬೇಕೇ ಬೇಡವೇ ಎಂದು ಮಕ್ಕಳ ಮಂಡಳಿ ಮತ ಹಾಕಿದಾಗ 13 ಮಂದಿ ಕಳಿಸೋಣ ಎಂದರು, ಒಬ್ಬರು ಬೇಡವೆಂದರು. ಸುದ್ದಿ ಹಬ್ಬಿ ದೇಶದ ತುಂಬ ಗದ್ದಲವೆದ್ದಿತು. ಕುರಿಯನ್ನು ಆ ಸೆಪ್ಟೆಂಬರಿನಲ್ಲಿ ಕಳಿಸಿಯೇಬಿಟ್ಟರು. ಜಪಾನಿನ ಒಸಾಕಾ ಪ್ರಾಂತ್ಯದಲ್ಲಿ 1990ರಲ್ಲಿ ಕುರೊದಾ ಯಾಸುಫುಮಿ ಎಂಬ ಹೊಸ ಮೇಷ್ಟ್ರು 32 ಮಕ್ಕಳ ತರಗತಿಗೆ ಒಂದು ಹಂದಿಮರಿ ತಂದರು. ಬೆಳೆಸಿ ತಿನ್ನೋಣ ಎಂದು ಶುರುವಾದದ್ದು, ಮಕ್ಕಳು ಅದಕ್ಕೆ ಹೆಸರಿಟ್ಟು ಮುದ್ದು ಮಾಡತೊಡಗಿದ ಮೇಲೆ ಬಿಡಿಸಲಾಗದ ಗಂಟಾಯಿತು. ಶಾಲೆ ಬಿಡುವ ವರ್ಷ ಮಕ್ಕಳು ದಿನಗಟ್ಟಲೆ ವಾದಿಸಿದರೂ ಒಮ್ಮತಕ್ಕೆ ಬರಲಿಲ್ಲ. ಕೊನೆಗೆ ಹಂದಿಯನ್ನು ಕಳಿಸುವ ತೀರ್ಮಾನವನ್ನು ಮೇಷ್ಟ್ರೇ ಮಾಡಬೇಕಾಯಿತು. 2008ರಲ್ಲಿ ಇದೇ ಕಥೆ ಸಿನಿಮಾ ಆಯಿತು. ಎರಡು ಕಡೆಯೂ ಮಕ್ಕಳು ಯೋಚಿಸಿದರು, ಅದರಲ್ಲಿ ಸಂದೇಹವಿಲ್ಲ. ಆದರೆ ಒಂದೇ ಒಂದು ಪ್ರಾಣಿ, ಅದಕ್ಕೊಂದು ಹೆಸರು, ಅದರ ಸಾವು ಬದುಕು ಮಕ್ಕಳ ಮತದ ಮೇಲೆ — ಈ ಭಾರ ಹತ್ತು ಹನ್ನೊಂದು ವರ್ಷದವರಿಗೆ ಹೆಚ್ಚಾಯಿತೆಂದೇ ನನಗೆ ತೋರುತ್ತದೆ. ನಾವು ಬೇರೆ ದಾರಿ ಹಿಡಿಯಬಹುದು.

ಆ ದಾರಿ ಮೊಟ್ಟೆಯಿಂದ ಶುರುವಾಗುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದದ್ದು 2021ರ ಡಿಸೆಂಬರಿನಲ್ಲಿ, ಮೊದಲು ಉತ್ತರದ ಕೆಲವು ಜಿಲ್ಲೆಗಳಿಗೆ, ಆಮೇಲೆ ರಾಜ್ಯಕ್ಕೆಲ್ಲ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಅದು ವಾರಕ್ಕೆ ಆರು ದಿನವಾಗಿದೆ. ಬೇಡವೆನ್ನುವ ಮಗುವಿಗೆ ಬಾಳೆಹಣ್ಣು ಉಂಟು. ತಟ್ಟೆಗೆ ಬಂದ ಮೊಟ್ಟೆಯ ಹಿಂದೆ ಹೋದರೆ ಮಾಂಸದ ಇಡೀ ಕಥೆ ಸಿಗುತ್ತದೆ. ಶಾಲೆಯ ಮೂಲೆಯಲ್ಲೊಂದು ಗೂಡು, ಆರೇಳು ನಾಟಿ ಹೇಟೆ, ಒಂದು ಹುಂಜ ಸಾಕು. ಅಕ್ಷರ ದಾಸೋಹದ ಅಡುಗೆಮನೆಯ ನುಚ್ಚು, ಸೊಪ್ಪು, ಉಳಿದ ಅನ್ನವೇ ಮೇವಿನ ಬಹುಪಾಲು. ಹೇಟೆಯೊಂದನ್ನು ಕಾವಿಗೆ ಕೂರಿಸಿದರೆ 21 ದಿನಕ್ಕೆ ಮರಿ. ವಾರ ಕಳೆದ ಮೊಟ್ಟೆಯನ್ನು ಕತ್ತಲಲ್ಲಿ ಟಾರ್ಚ್ ಬೆಳಕಿಗೆ ಹಿಡಿದರೆ ಒಳಗೆ ರಕ್ತನಾಳಗಳು ಎಳೆಎಳೆಯಾಗಿ ಕಾಣುತ್ತವೆ. ಇಂಥ ಜೀವಶಾಸ್ತ್ರದ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ಆಮೇಲೆ ಬರುವುದು ನಿಜವಾದ ಪ್ರಶ್ನೆ. ಹುಟ್ಟಿದ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜ. ಹುಂಜ ಮೊಟ್ಟೆಯಿಡುವುದಿಲ್ಲ, ಒಂದೇ ಗೂಡಿನಲ್ಲಿ ನಾಲ್ಕು ಹುಂಜ ಇದ್ದರೆ ಕಾದಾಡುತ್ತವೆ. ಹಾಗಾದರೆ ಅವು ಎಲ್ಲಿಗೆ ಹೋಗಬೇಕು? ಮನೆಗಳಲ್ಲಿ ಅವು ಸಾರಾಗುತ್ತವೆ. ಮೊಟ್ಟೆಗೆಂದೇ ತಳಿ ಬೆಳೆಸುವ ದೊಡ್ಡ ಹ್ಯಾಚರಿಗಳಲ್ಲಿ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದು ಜಗತ್ತಿನಾದ್ಯಂತ ನಡೆದುಬಂದ ಪದ್ಧತಿ. ಮೊಟ್ಟೆ ತಿನ್ನುವವರು ಕೂಡ ಈ ಲೆಕ್ಕದಿಂದ ಹೊರಗಿಲ್ಲವೆಂದು ಮಗುವಿಗೆ ಗೂಡಿನ ಮುಂದೆಯೇ ತಿಳಿಯುತ್ತದೆ. ಅಂಗಡಿಯ ಫಾರಂ ಕೋಳಿ ಆರು ವಾರಕ್ಕೇ ಎರಡು ಕಿಲೋ ತೂಗುತ್ತದೆ, ತಾನು ಸಾಕಿದ ನಾಟಿ ಕೋಳಿ ಬಲಿಯಲು ಐದಾರು ತಿಂಗಳು ಬೇಕು. ಈ ವ್ಯತ್ಯಾಸವನ್ನು ತೂಕ ಹಾಕಿ ನೋಡಿದ ಮಗು ಅಗ್ಗದ ಮಾಂಸ ಹೇಗೆ ಅಗ್ಗವಾಯಿತೆಂದು ತಾನಾಗಿಯೇ ಕೇಳುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕುರಿ ಕಾಯುವವರ, ಮಾಂಸದಂಗಡಿಯವರ, ಮೀನು ಮಾರುವವರ ಮಕ್ಕಳು ಇದೇ ತರಗತಿಗಳಲ್ಲಿ ಕೂತಿದ್ದಾರೆ. ಕೊಕ್ಕರೆ ರೋಗ ಬಂದ ಕೋಳಿ ಹೇಗೆ ಕತ್ತು ತಿರುಚುತ್ತದೆ, ಟಗರಿನ ವಯಸ್ಸನ್ನು ಹಲ್ಲು ನೋಡಿ ಹೇಗೆ ಹೇಳುವುದು, ಇದೆಲ್ಲ ಅವರಿಗೆ ಗೊತ್ತು. ಆದರೆ ಶಾಲೆಯಲ್ಲಿ ಆ ತಿಳಿವಳಿಕೆಗೆ ಬೆಲೆಯಿಲ್ಲ. ನಿನ್ನೆ ಮನೆಯಲ್ಲಿ ಏನು ಊಟ ಎಂದು ಕೇಳಿದರೆ ಸುಳ್ಳು ಹೇಳುವುದನ್ನು ಅವರು ಬೇಗ ಕಲಿಯುತ್ತಾರೆ. ನಮ್ಮಲ್ಲಿ ಊಟದ ಮಾತು ಜಾತಿಯ ಮಾತಾಗದೆ ಉಳಿಯುವುದು ಅಪರೂಪ. ಬಿಸಿಯೂಟದ ಮೊಟ್ಟೆಗೆ ಬಂದ ವಿರೋಧ, 2024ರ ಮಂಡ್ಯ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟಕ್ಕೆ ಎದ್ದ ಬೇಡಿಕೆ ಎರಡೂ ಅದನ್ನೇ ತೋರಿಸಿದವು. ಶಾಲೆಯಲ್ಲಿ ಗೂಡು ಬಂದ ದಿನ ಆ ಮಕ್ಕಳು ಬಲ್ಲವರಾಗುತ್ತಾರೆ, ಉಳಿದವರು ಅವರಿಂದ ಕೇಳಿ ಕಲಿಯುತ್ತಾರೆ. ನನಗೆ ಈ ಯೋಜನೆಯಲ್ಲಿ ಅತ್ಯಂತ ಮುಖ್ಯವಾಗಿ ಕಾಣುವುದು ಇದೇ.

ಸಸ್ಯಾಹಾರಿ ಮನೆಯವರು ಒಪ್ಪುವುದಿಲ್ಲ ಎನ್ನುವುದು ಮೊದಲ ಆಕ್ಷೇಪ. ಇಲ್ಲಿ ಯಾರಿಗೂ ಏನನ್ನೂ ತಿನ್ನಿಸುವುದಿಲ್ಲ. ಕೋಳಿಗೆ ನೀರಿಟ್ಟು ಬೆಳೆಸಿದ ಮಗು ಮಾಂಸ ಬೇಡವೆಂದು ತೀರ್ಮಾನಿಸಿದರೆ ಅದೂ ಗೌರವಕ್ಕೆ ತಕ್ಕದ್ದೇ, ತಿಳಿದು ಬಿಟ್ಟದ್ದು ಗಟ್ಟಿಯಾಗಿ ನಿಲ್ಲುತ್ತದೆ. ಎಳೆಯ ಮನಸ್ಸು ನೋಯುತ್ತದೆ ಎನ್ನುವವರು ಗೋವಿನ ಹಾಡನ್ನು ನೆನೆಯಬೇಕು. ಹಸಿದ ಹುಲಿ, ಸಾಯಲು ಬಂದು ನಿಂತ ತಾಯಿ, ಕೊನೆಗೆ ಹುಲಿಯದೇ ಸಾವು: ಇಷ್ಟನ್ನೂ ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳು ಕೇಳುತ್ತಾರೆ, ಅಳುತ್ತಾರೆ, ತಡೆದುಕೊಳ್ಳುತ್ತಾರೆ. ರೋಗದ ಭಯ ಮಾತ್ರ ತಳ್ಳಿಹಾಕುವಂಥದ್ದಲ್ಲ. 2017ರ ಜನವರಿಯಲ್ಲಿ ಹಕ್ಕಿಜ್ವರದಿಂದ ಮೈಸೂರು ಮೃಗಾಲಯವನ್ನೇ ಒಂದು ತಿಂಗಳು ಮುಚ್ಚಿದ್ದರು. 2020ರ ಮಾರ್ಚಿನಲ್ಲಿ ಕುಂಬಾರಕೊಪ್ಪಲಿನ ಸುತ್ತ ಸಾಕುಕೋಳಿಗಳನ್ನು ಕೊಲ್ಲಬೇಕಾಯಿತು. ಆದ್ದರಿಂದ ಬಲೆ ಹಾಕಿದ ಗೂಡು, ಲಸಿಕೆ, ಪಶುವೈದ್ಯರ ಭೇಟಿ, ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ಇವು ಇಲ್ಲದೆ ಯಾವ ಶಾಲೆಯೂ ಕೈ ಹಾಕಬಾರದು. ಕೊಯ್ಯುವ ವಿಚಾರಕ್ಕೆ ಬಂದರೆ, ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದೆಂದು 2001ರ ಕಸಾಯಿಖಾನೆ ನಿಯಮಗಳೇ ಹೇಳುತ್ತವೆ. ಮಕ್ಕಳ ಕಣ್ಣಿಗೂ ಅಷ್ಟಾದರೂ ಮರ್ಯಾದೆ ಸಲ್ಲಬೇಕು. ಬೆಳೆದ ಹುಂಜಗಳನ್ನು ಬೇಕೆನ್ನುವ ಮನೆಗಳಿಗೆ ಮಾರಲಿ, ಮುಂದೇನಾಗುತ್ತದೆಂದು ಮಕ್ಕಳಿಗೆ ಮರೆಮಾಚದೆ ಮೊದಲ ದಿನವೇ ಹೇಳಿರಲಿ, ಬಂದ ಹಣದ ಜಮಾಖರ್ಚನ್ನು ಮಕ್ಕಳೇ ಬರೆಯಲಿ.

ಶುರು ಮಾಡಲು ತಕ್ಕ ಜಾಗ ಮೈಸೂರಿನ ಮಾನಸಗಂಗೋತ್ರಿಯ ಬಳಿ ಇದೆ. 1963ರಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ದಕ್ಷಿಣ ರಾಜ್ಯಗಳ ಶಿಕ್ಷಕರನ್ನು ತಯಾರು ಮಾಡುತ್ತದೆ, ಅದರ ಆವರಣದಲ್ಲೇ ಪ್ರಾತ್ಯಕ್ಷಿಕ ಶಾಲೆಯೂ ಇದೆ. ಅಲ್ಲೊಂದು ಗೂಡು ಎದ್ದರೆ ಮಕ್ಕಳ ಜೊತೆಗೆ ನಾಳಿನ ಮೇಷ್ಟ್ರುಗಳೂ ಕಲಿಯುತ್ತಾರೆ. ಭಾನುವಾರ ಮತ್ತು ದಸರಾ ರಜೆಯಲ್ಲಿ ಮೇವು ಹಾಕುವ ಸರದಿ ಯಾರದೆಂಬುದನ್ನು ಮಾತ್ರ ಕೋಳಿ ತರುವ ಮೊದಲೇ ಬರೆದಿಡಬೇಕು.