ಹಾಸಿಗೆ ಒಂದು, ಬಂದವರು ಮೂವರು

ಸಾದಲಿ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಮುಂದಿನ ದಾರಿ ಎಲ್ಲರಿಗೂ ಗೊತ್ತಿರುವುದೇ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆ. ಅಲ್ಲೂ ಕೈಚೆಲ್ಲಿದರೆ ‘ಬೆಂಗಳೂರಿಗೆ ಬರೆದುಕೊಟ್ಟಿದ್ದಾರೆ’. 2007ರಲ್ಲಿ ಜಿಲ್ಲೆ ಒಡೆಯುವ ಮುಂಚೆ ಈ ಸಾಲಿನಲ್ಲಿ ಚಿಕ್ಕಬಳ್ಳಾಪುರದ ಜಾಗದಲ್ಲಿ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ ಇತ್ತು. ಬೆಂಗಳೂರಿನ ವಿಕ್ಟೋರಿಯಾ ಮಾತ್ರ ಅಂದೂ ಇತ್ತು, ಇಂದೂ ಇದೆ. ಇಂಥ ಆಸ್ಪತ್ರೆಗಳ ಆವರಣವನ್ನು ಒಡೆದು ಕಟ್ಟುವ, ಬೆಳೆಸುವ, ಊರಾಚೆಗೆ ಒಯ್ಯುವ ಯೋಜನೆಗಳ ಸುದ್ದಿ ಬಂದಾಗಲೆಲ್ಲ ನಮಗೆ ಸಿಗುವ ಲೆಕ್ಕ ಮೂರೇ: ಎಷ್ಟು ಹಾಸಿಗೆ, ಎಷ್ಟು ಅಂತಸ್ತು, ಎಷ್ಟು ಕೋಟಿ. ರೋಗಿ ಒಬ್ಬರೇ ಬರುವುದಿಲ್ಲ ಎಂಬುದು ಈ ಲೆಕ್ಕದಲ್ಲಿಲ್ಲ. ಒಂದು ಹಾಸಿಗೆಯ ಹಿಂದೆ ಕನಿಷ್ಠ ಒಬ್ಬರು, ಸಾಮಾನ್ಯವಾಗಿ ಇಬ್ಬರು ಜೊತೆಗಿರುತ್ತಾರೆ. ಅವರನ್ನು ಎಣಿಸದೆ ಹಾಕಿದ ನಕ್ಷೆ ಎಷ್ಟೇ ಅಂತಸ್ತಿನದ್ದಾದರೂ ಅರ್ಧ ನಕ್ಷೆಯೇ ಎಂಬುದು ನನ್ನ ವಾದ.

ವಿಕ್ಟೋರಿಯಾ ಆವರಣ ಬೆಳೆದ ಬಗೆ ನೋಡಿ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 60 ವರ್ಷ ತುಂಬಿದ ಸಂಭ್ರಮದ ದಿನ, 1897ರ ಜೂನ್ 22ರಂದು, ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅದಕ್ಕೆ ಅಡಿಗಲ್ಲು ಹಾಕಿದರು. ಕಟ್ಟಡ ಏಳುತ್ತಿದ್ದಾಗಲೇ, 1898ರಲ್ಲಿ, ಊರಿಗೆ ಪ್ಲೇಗ್ ಬಂತು; ಪೇಟೆಯ ಜನ ಮನೆಮಠ ಬಿಟ್ಟು ಹೊರಟರು, ಬಸವನಗುಡಿ ಮಲ್ಲೇಶ್ವರಗಳು ಎದ್ದವು. 1900ರ ಡಿಸೆಂಬರ್ 8ರಂದು ವೈಸರಾಯ್ ಕರ್ಜನ್ ಆಸ್ಪತ್ರೆಯನ್ನು ಉದ್ಘಾಟಿಸಿದ. ಮುಂದೆ 1913ರಲ್ಲಿ ಮಿಂಟೋ ಕಣ್ಣಾಸ್ಪತ್ರೆ ಈಗಿನ ಕಟ್ಟಡಕ್ಕೆ ಬಂತು, 1935ರಲ್ಲಿ ಹೆಂಗಸರು ಮಕ್ಕಳಿಗಾಗಿ ವಾಣಿವಿಲಾಸ, 1955ರಲ್ಲಿ ವೈದ್ಯಕೀಯ ಕಾಲೇಜು. ಈಚಿನ ದಶಕಗಳಲ್ಲಿ ಮೂತ್ರಪಿಂಡದ ಸಂಸ್ಥೆ, ಕೇಂದ್ರದ ಯೋಜನೆಯಡಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಅಪಘಾತದವರಿಗೆಂದು ಟ್ರಾಮಾ ಕೇಂದ್ರ. ಇಷ್ಟೂ ಕೋಟೆ, ಟಿಪ್ಪುವಿನ ಅರಮನೆ, ಕೋಟೆ ವೆಂಕಟರಮಣ ದೇವಸ್ಥಾನಗಳ ನೆರೆಯಲ್ಲಿ, ಸಿಟಿ ಮಾರ್ಕೆಟ್ಟಿನ ಮಗ್ಗುಲಲ್ಲಿ. ಪ್ರತಿ ತಲೆಮಾರೂ ತನ್ನ ಕಾಲದ ತುರ್ತಿಗೆ ಒಂದೊಂದು ಕಟ್ಟಡ ಸೇರಿಸಿತು. ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಕಟ್ಟಡಗಳ ನಡುವೆ ದಿನವಿಡೀ ಓಡಾಡುವವರು ಯಾರು, ಅವರು ಎಲ್ಲಿ ಕೂರುತ್ತಾರೆ ಎಂಬುದು ಯಾವ ಕಾಲದಲ್ಲೂ ಮುಖ್ಯ ಪ್ರಶ್ನೆಯಾದಂತೆ ಕಾಣುವುದಿಲ್ಲ.

ಆ ಓಡಾಟವನ್ನು ಹತ್ತಿರದಿಂದ ನೋಡಬೇಕು. ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಕೂಗು ‘ಈ ಪೇಷಂಟ್ ಕಡೆಯವರು ಯಾರು?’ ಎಂಬುದು. ಚೀಟಿ ಮಾಡಿಸುವ ಕ್ಯೂನಲ್ಲಿ ನಿಲ್ಲುವವರು ಅವರು. ರಕ್ತ ತುಂಬಿದ ಪುಟ್ಟ ಟ್ಯೂಬನ್ನು ಹಿಡಿದು ಲ್ಯಾಬ್ ಎಲ್ಲಿ ಎಂದು ವಿಚಾರಿಸುತ್ತ ಹೋಗುವವರು, ಸಂಜೆ ರಿಪೋರ್ಟ್ ತರುವವರು, ಸ್ಟ್ರೆಚರ್ ತಳ್ಳುವವರು, ಆಪರೇಷನ್ನಿಗೆ ಸಹಿ ಹಾಕುವವರು, ರಕ್ತ ಬೇಕೆಂದರೆ ಊರಿಗೆ ಫೋನು ಮಾಡಿ ಯಾರನ್ನಾದರೂ ಕರೆಸುವವರು ಅವರೇ. ಒಳಗೆ ಸಿಗದ ಔಷಧಿಯ ಹೆಸರು ಬರೆದ ಚೀಟಿ ಹಿಡಿದು ಗೇಟಿನಾಚೆ ಮೆಡಿಕಲ್ ಸ್ಟೋರಿಗೆ ಓಡುವುದು, ಗಂಜಿಗೆ ಬಿಸಿನೀರು ಹುಡುಕುವುದು, ಶೌಚಾಲಯಕ್ಕೆ ಕೈಹಿಡಿದು ನಡೆಸುವುದು ಬೇರೆ. ರಾತ್ರಿ ಮಂಚಗಳ ನಡುವಿನ ಸಂದಿಯಲ್ಲೋ ಕಾರಿಡಾರಿನಲ್ಲೋ ಚಾಪೆ ಹಾಸಿ, ಫೈಲನ್ನು ತಲೆಯಡಿ ಇಟ್ಟುಕೊಂಡು ಮಲಗುತ್ತಾರೆ. ಬೆಳಿಗ್ಗೆ ರೌಂಡ್ಸ್ ಹೊತ್ತಿಗೆ ಅವರನ್ನೇ ಹೊರಗೆ ಅಟ್ಟುತ್ತಾರೆ, ವಾರ್ಡಿನಲ್ಲಿ ಜನಸಂದಣಿ ಎಂದು. ನಮ್ಮ ದೊಡ್ಡಾಸ್ಪತ್ರೆಗಳು ನಡೆಯುತ್ತಿರುವುದು ಈ ಸಂಬಳವಿಲ್ಲದ ಸಿಬ್ಬಂದಿಯಿಂದ. ಅವರನ್ನು ಅಡಚಣೆಯೆಂದು ಕಾಣುವುದು ಅನ್ಯಾಯ ಮಾತ್ರವಲ್ಲ, ಲೆಕ್ಕದ ತಪ್ಪು ಕೂಡ.

ಅಂದಮೇಲೆ ಆಸ್ಪತ್ರೆ ಕಾಂಪೌಂಡಿಗೆ ಮುಗಿಯುವುದಿಲ್ಲ. ವಿಕ್ಟೋರಿಯಾದ ಸುತ್ತಲ ಪೇಟೆ ಆಸ್ಪತ್ರೆಯ ಅರ್ಧ ಕೆಲಸವನ್ನು ತಾನೇ ವಹಿಸಿಕೊಂಡಿದೆ: ಮೆಡಿಕಲ್ ಸ್ಟೋರು, ಸಣ್ಣ ಹೋಟೆಲು, ಎಳನೀರಿನ ಗಾಡಿ, ಲಾಡ್ಜು, ಜೆರಾಕ್ಸ್ ಅಂಗಡಿ. ಖಾಸಗಿ ಬಸ್ಸುಗಳ ಹಳೆಯ ಠಾಣ್ಯ ಕಲಾಸಿಪಾಳ್ಯ ನಡೆದು ಹೋಗುವಷ್ಟು ಹತ್ತಿರ. 2017ರ ಜೂನ್‌ನಲ್ಲಿ ಹಸಿರು ಮಾರ್ಗದ ಸುರಂಗ ತೆರೆದು ಮಾರ್ಕೆಟ್ ಮೆಟ್ರೋ ನಿಲ್ದಾಣ ಶುರುವಾದ ಮೇಲೆ ಮೆಜೆಸ್ಟಿಕ್‌ನಲ್ಲಿ ಇಳಿದವರಿಗೂ ದಾರಿ ಸಲೀಸಾಯಿತು. ಅದೇ ಮಾರ್ಕೆಟ್ಟಿನ ನೆತ್ತಿಯ ಮೇಲೆ ಟೌನ್‌ಹಾಲ್‌ನಿಂದ ಸಿರ್ಸಿ ಸರ್ಕಲ್‌ಗೆ ಹೋಗುವ ಮೇಲ್ಸೇತುವೆ ಹಾದಿದೆ. ಅದು ಈ ಜಾಗವನ್ನು ದಾಟಿ ಹೋಗುವ ಕಾರಿನವರಿಗಾಗಿ ಕಟ್ಟಿದ್ದು. ಕೆಳಗಿನ ರಸ್ತೆಯನ್ನು ಬಾಣಂತಿಯನ್ನು ಕರೆದುಕೊಂಡು ದಾಟಬೇಕಾದವರ ಮಟ್ಟಿಗೆ ಮೆಟ್ರೋ ನಿಲ್ದಾಣವೊಂದೇ ಎಷ್ಟೋ ಉಪಕಾರ ಮಾಡಿದೆ. ಬಡಾವಣೆಯ ಅಭಿವೃದ್ಧಿ ಯಾರಿಗಾಗಿ ಎಂದು ಕೇಳುವವರಿಗೆ ಈ ಎರಡು ಕಾಮಗಾರಿಗಳ ವ್ಯತ್ಯಾಸ ಸಾಕು.

ಜೊತೆಯವರನ್ನೂ ನಕ್ಷೆಗೆ ಸೇರಿಸಬೇಕೆಂಬ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಹಾಸಿಗೆಯೇ ಸಾಲದಿರುವಾಗ, ಒಂದು ಮಂಚದಲ್ಲಿ ಇಬ್ಬರು ಮಲಗುವ ಕಾಲದಲ್ಲಿ, ಜೊತೆಯವರಿಗೆ ತಂಗುದಾಣ ಕಟ್ಟುತ್ತ ಕೂರುವುದು ಎಷ್ಟು ಸರಿ? ಆದರೆ ತಂಗುದಾಣ ಹಾಸಿಗೆಯ ವೈರಿಯಲ್ಲ, ಹಾಸಿಗೆಯನ್ನು ಬಿಡಿಸಿಕೊಡುವ ಉಪಾಯ. ಕ್ಯಾನ್ಸರಿನ ಉದಾಹರಣೆ ನೋಡಿ. ರೇಡಿಯೇಷನ್ ಚಿಕಿತ್ಸೆ ದಿನಕ್ಕೆ ಕೆಲವೇ ನಿಮಿಷದ್ದು, ಆದರೆ ವಾರಗಟ್ಟಲೆ ಹೋಗುತ್ತಿರಬೇಕು. ಸಾದಲಿಯಿಂದ ದಿನಾ ಹೋಗಿಬರಲು ಸಾಧ್ಯವಿಲ್ಲ, ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿಯಲು ದುಡ್ಡಿಲ್ಲ. ಇಂಥವರಿಗೆ ಬೇಕಾದದ್ದು ವಾರ್ಡಿನ ಮಂಚವಲ್ಲ, ಆಸ್ಪತ್ರೆಯ ಹತ್ತಿರ ಒಂದು ಸೂರು. ಅದಿಲ್ಲದಿದ್ದರೆ ಒಂದೋ ಮಂಚ ಹಿಡಿದಿರುತ್ತಾರೆ, ಇಲ್ಲವೇ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳುತ್ತಾರೆ. 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆಯ ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಧರ್ಮಶಾಲೆ ಕಟ್ಟಿಸಿಕೊಟ್ಟದ್ದು ಈ ಕಾರಣಕ್ಕೇ. ಮುಂಬಯಿಯ ಟಾಟಾ ಆಸ್ಪತ್ರೆಗೆ ಬರುವ ಬಡವರಿಗೆ ದಾದರ್‌ನ ಗಾಡ್ಗೆ ಮಹಾರಾಜ್ ಧರ್ಮಶಾಲೆ ನೆಲೆಯಾಗಿದೆ. ದೆಹಲಿ ಏಮ್ಸ್‌ನ ಝಜ್ಜರ್ ಕ್ಯಾನ್ಸರ್ ಆವರಣದಲ್ಲಿ 2021ರ ಅಕ್ಟೋಬರ್‌ನಲ್ಲಿ ತೆರೆದ ವಿಶ್ರಾಮ ಸದನದಲ್ಲಿ 806 ಹಾಸಿಗೆಗಳಿವೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಇವುಗಳಲ್ಲಿ ಎಷ್ಟೋ ದಾನಿಗಳ ಔದಾರ್ಯದಿಂದ ಬಂದವು ಎಂಬುದನ್ನೂ ಗಮನಿಸಬೇಕು. ಆಪರೇಷನ್ ಥಿಯೇಟರಿಗೆ ದಾನಿ ಸಿಗುವವರೆಗೆ ಕಾಯೋಣ ಎಂದು ಯಾವ ಸರ್ಕಾರವೂ ಹೇಳುವುದಿಲ್ಲ; ತಂಗುದಾಣದ ವಿಷಯದಲ್ಲಿ ಮಾತ್ರ ಕಾಯುವುದು ರೂಢಿಯಾಗಿದೆ.

ಎರಡನೆಯ ಆಕ್ಷೇಪ ಹೇಳುವುದು ಬೇರೆ. ಪೇಟೆಯ ನಡುವಿನ ಆವರಣಕ್ಕೆ ಇನ್ನೂ ತುರುಕುವುದೇಕೆ, ಊರ ಹೊರಗೆ ವಿಶಾಲ ಜಾಗದಲ್ಲಿ ಹೊಸದಾಗಿ ಕಟ್ಟಿದರಾಯಿತಲ್ಲ? ಬೆಂಗಳೂರು ಇದನ್ನೂ ಮಾಡಿ ನೋಡಿದೆ. ಪೇಟೆ ಭಾಗದಲ್ಲಿದ್ದ ಮಾನಸಿಕ ಆಸ್ಪತ್ರೆ 1930ರ ದಶಕದಲ್ಲಿ ಲಕ್ಕಸಂದ್ರದ ಬಯಲಿಗೆ ಹೋಯಿತು. 1974ರಲ್ಲಿ ನಿಮ್ಹಾನ್ಸ್ ಆಯಿತು. ವಿಕ್ಟೋರಿಯಾ ಆವರಣದಲ್ಲೇ ಕಣ್ಣುಬಿಟ್ಟ ಜಯದೇವ ಹೃದ್ರೋಗ ಸಂಸ್ಥೆ ಬನ್ನೇರುಘಟ್ಟ ರಸ್ತೆಗೆ ಹೋಯಿತು. ಜಾಗ ಸಿಕ್ಕಿತು, ಸಂಸ್ಥೆಗಳು ಬೆಳೆದವು; 2021ರಲ್ಲಿ ಜಯದೇವಕ್ಕೆ 350 ಹಾಸಿಗೆಯ ಇನ್ನೊಂದು ಕಟ್ಟಡವೂ ಬಂತು. ಆದರೆ ಬಯಲು ಬಯಲಾಗಿ ಉಳಿಯಲಿಲ್ಲ, ಊರು ಅಲ್ಲಿಗೂ ಬಂದು ಸುತ್ತುಗಟ್ಟಿತು. ಊರಾಚೆ ಹೋಗುವುದರಿಂದ ಪ್ರಶ್ನೆ ಮುಂದಕ್ಕೆ ಹೋಗುತ್ತದೆಯೇ ಹೊರತು ತೀರುವುದಿಲ್ಲ. ಅಂದಹಾಗೆ ಮನೆಯವರನ್ನೂ ರೋಗಿಯ ಜೊತೆ ಇರಿಸಿಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ವಿಭಾಗವನ್ನು ನಿಮ್ಹಾನ್ಸ್ ಬಹಳ ಹಿಂದಿನಿಂದ ನಡೆಸಿಕೊಂಡು ಬಂದಿದೆ. ಮನಸ್ಸಿನ ಕಾಯಿಲೆಗೆ ಮನೆಯವರು ಚಿಕಿತ್ಸೆಯ ಭಾಗವಾದರೆ ಸೊಂಟ ಮುರಿದ ಅಜ್ಜಿಗೆ ಏಕಾಗಬಾರದು?

ಈ ಪ್ರಶ್ನೆ ಈಗ ನಮ್ಮ ಜಿಲ್ಲೆಯ ಬಾಗಿಲಿಗೇ ಬಂದಿದೆ. 2019ರಲ್ಲಿ ಕನಕಪುರಕ್ಕೋ ಚಿಕ್ಕಬಳ್ಳಾಪುರಕ್ಕೋ ಎಂಬ ರಾಜಕೀಯ ಜಗ್ಗಾಟದ ನಡುವೆ ಬಂದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಆರೂರಿನಲ್ಲಿ ಕ್ಯಾಂಪಸ್ ಎದ್ದಿದೆ. ಮುದ್ದೇನಹಳ್ಳಿಯಲ್ಲಿ ಸತ್ಯಸಾಯಿ ಗ್ರಾಮದ ಖಾಸಗಿ ಉಚಿತ ವೈದ್ಯಕೀಯ ಕಾಲೇಜು 2023ರ ಮಾರ್ಚ್ 25ರಂದು ಉದ್ಘಾಟನೆಯಾಯಿತು. ಹತ್ತಾರು ವರ್ಷ ಬೆಂಗಳೂರಿನ ಕಡೆ ಮುಖ ಮಾಡಿದ್ದ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಹತ್ತಿರದಲ್ಲೇ ದೊಡ್ಡಾಸ್ಪತ್ರೆ ಇದ್ದರೆ ‘ಬೆಂಗಳೂರಿಗೆ ಬರೆದುಕೊಡುವುದು’ ಕಡಿಮೆಯಾಗಬೇಕು, ಆಗಲಿ. ಆದರೆ ಹತ್ತಿರ ಎಂಬುದನ್ನು ಯಾರ ಗಡಿಯಾರದಿಂದ ಅಳೆಯಬೇಕು? ರಾಷ್ಟ್ರೀಯ ವೈದ್ಯಕೀಯ ಆಯೋಗದ 2020ರ ನಿಯಮದ ಪ್ರಕಾರ ಕಾಲೇಜಿನ ಜಾಗ ಎರಡು ಕಡೆ ಹಂಚಿಹೋಗಿದ್ದರೆ ನಡುವಿನ ದೂರ 10 ಕಿಲೋಮೀಟರ್ ಅಥವಾ 30 ನಿಮಿಷದ ಪ್ರಯಾಣ ಮೀರುವಂತಿರಲಿಲ್ಲ. ವಿದ್ಯಾರ್ಥಿಗಳ ಹೊತ್ತು ಹಾಳಾಗದಿರಲಿ ಎಂಬ ಕಾಳಜಿ ಸರಿಯಾದದ್ದೇ. ಆದರೆ ಸಾದಲಿಯಿಂದ ಹೊರಟವರು ಶಿಡ್ಲಘಟ್ಟದಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ಚಿಕ್ಕಬಳ್ಳಾಪುರದ ಸ್ಟ್ಯಾಂಡಿನಲ್ಲಿ ಮತ್ತೆ ವಿಚಾರಿಸಿ ಆಸ್ಪತ್ರೆ ಸೇರುವ ಹೊತ್ತಿಗೂ ಇಂಥದ್ದೊಂದು ಮಿತಿ ಬೇಡವೇ? ಓಪಿಡಿ ಚೀಟಿ ಕೊಡುವುದು ಬೆಳಿಗ್ಗೆ. ಮೊದಲ ಬಸ್ಸು ತಪ್ಪಿದರೆ ಆ ದಿನ ಹೋದಂತೆಯೇ. ಕಟ್ಟಿದ ಕಟ್ಟಡದಷ್ಟೇ ಬಸ್ಸಿನ ವೇಳಾಪಟ್ಟಿಯೂ ಚಿಕಿತ್ಸೆಯ ಸಾಮಗ್ರಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ತಾಯಿಯ ಜೊತೆ ಮಗಳು ಹೋಗಿಬರುವ ಖರ್ಚು ಇಳಿಯಿತು. ಆದರೆ ಉಚಿತ ಟಿಕೆಟ್ಟಿನಿಂದ ಬಸ್ಸು ಹೆಚ್ಚಾಗುವುದಿಲ್ಲ, ಆಸ್ಪತ್ರೆಯಲ್ಲಿ ಕಳೆದ ದಿನವೂ ಮರಳುವುದಿಲ್ಲ. ರೇಷ್ಮೆ ಹುಳು ಸಾಕುವ ಮನೆಯಲ್ಲಿ, ಹುಳು ಕೊನೆಯ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದು ಮೇಯುವ ಹೊತ್ತಿಗೆ, ಇಬ್ಬರು ಆಸ್ಪತ್ರೆಯಲ್ಲಿ ಕೂತರೆ ಸೊಪ್ಪು ಹಾಕುವವರಿಲ್ಲ. ಒಂದು ಬೆಳೆಯೇ ಹೋಗಬಹುದು. ಆಯುಷ್ಮಾನ್ ಕಾರ್ಡು ಬಡ ಕುಟುಂಬದ ಆಸ್ಪತ್ರೆಯ ಬಿಲ್ಲನ್ನು ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೋಡಿಕೊಳ್ಳುತ್ತದೆ, ಈ ನಷ್ಟವನ್ನಲ್ಲ. ಜೊತೆಯವರ ದಿನಗಳನ್ನು ಉಳಿಸುವ ಯಾವುದೇ ಏರ್ಪಾಡು, ಅದು ನೇರ ಬಸ್ಸಿರಲಿ, ಒಂದೇ ಕಡೆ ಮುಗಿಯುವ ತಪಾಸಣೆಯಿರಲಿ, ಬಡವರ ಮಟ್ಟಿಗೆ ನಗದಿಗೆ ಸಮ.

ಇನ್ನು ಬೀದಿಬದಿ ವ್ಯಾಪಾರಿಗಳ ಮಾತು. ಆವರಣ ಚೆಂದಮಾಡುವ ಯಾವ ಯೋಜನೆ ಬಂದರೂ ಮೊದಲು ಎತ್ತಂಗಡಿಯಾಗುವುದು ಇಡ್ಲಿ ಗಾಡಿ. ಆಂಬುಲೆನ್ಸಿಗೆ ದಾರಿ ಬೇಕು ಎಂಬ ಕಾರಣ ಸುಳ್ಳಲ್ಲ. ಮಾರ್ಕೆಟ್ಟಿನ ರಸ್ತೆಗಳಲ್ಲಿ ಸೈರನ್ ಹಾಕಿಕೊಂಡು ನಿಂತೇ ಇರುವ ಆಂಬುಲೆನ್ಸನ್ನು ಕಂಡವರು ಅದನ್ನು ಅಲ್ಲಗಳೆಯಲಾರರು. ಆದರೆ ಗಾಡಿಗಳನ್ನು ಓಡಿಸಿದ ಜಾಗದಲ್ಲಿ ಕಾರು ನಿಂತರೆ ಆಂಬುಲೆನ್ಸಿಗೇನು ಲಾಭ? 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ವ್ಯಾಪಾರಕ್ಕೆ ವಲಯ ಗುರುತಿಸಿ, ಸಮಿತಿ ಮಾಡಿ, ಜಾಗ ಹಂಚಿ ಎನ್ನುತ್ತದೆ. ಆಂಬುಲೆನ್ಸಿನ ದಾರಿ ಒಂದು ಗೇಟಿಗೆ, ಗಾಡಿಗಳ ಸಾಲು ಇನ್ನೊಂದು ಗೇಟಿಗೆ ಎಂದು ನಕ್ಷೆಯಲ್ಲೇ ಬರೆದರೆ ಜಗಳ ಅರ್ಧ ಮುಗಿಯಿತು. ವಿಕ್ಟೋರಿಯಾದ ಸುತ್ತ ಈಗ ಇದನ್ನು ಮಾಡುವುದು ಕಷ್ಟ, ಒಂದು ಶತಮಾನದ ಒತ್ತು ಅಲ್ಲಿದೆ. ಆರೂರಿನಲ್ಲಿ ಇನ್ನೂ ಆಗುತ್ತದೆ. ಕಾಲೇಜು ಬಂದ ಕಡೆ ಲೇಔಟು, ಪಿಜಿ, ಮೆಡಿಕಲ್ ಅಂಗಡಿ ಹಿಂದೆಯೇ ಬರುತ್ತವೆ, ನೆಲದ ಬೆಲೆ ಏರುತ್ತದೆ. ಬಸ್ಸು ನಿಲ್ಲಲು, ಜನ ತಂಗಲು, ಗಾಡಿ ಹಾಕಲು ಬೇಕಾದ ಎರಡು ಮೂರು ಎಕರೆಯನ್ನು ಆಮೇಲೆ ಕೊಳ್ಳಲು ಹೋದರೆ ಹತ್ತು ಪಟ್ಟು ಕೊಟ್ಟರೂ ಸಿಗುವ ಖಾತ್ರಿಯಿಲ್ಲ. ಇದಕ್ಕೆ ಹಣವೆಲ್ಲಿ ಎಂದು ಕೇಳುವವರು ಮುಂದಿನ ಕಟ್ಟಡದ ಟೆಂಡರಿನಲ್ಲೇ ಒಂದು ಸಾಲು ಸೇರಿಸಲಿ: ಪ್ರತಿ ನೂರು ಹಾಸಿಗೆಗೆ ಇಷ್ಟು ಜನ ಜೊತೆಗಾರರಿಗೆ ಮಲಗಲು, ತೊಳೆಯಲು, ಬೇಯಿಸಲು ಜಾಗ, ಮತ್ತು ಅದು ತಯಾರಾಗುವವರೆಗೆ ಉಳಿದ ಕಟ್ಟಡಕ್ಕೆ ಕೊನೆಯ ಕಂತಿನ ಬಿಲ್ ಪಾಸಾಗುವುದಿಲ್ಲ ಎಂದು.